ಕಂಪೆನಿ ದಾಳದ ವೈರಿ
ಬೈಂದೂರಿನಲ್ಲಿ ಹೋಟೆಲ್ ನಡೆಸುವ ಗುಣಪಾಲಣ್ಣನ ಎದುರು ಆಟದ ಕಂಪೆನಿಯ ಮುದ್ರೆಯಿರುವ ಸಾಮಾನಿನ ಹೆಸರೆತ್ತಬಾರದು. ಭಾನುವಾರ ಮಧ್ಯಾಹ್ನ ಹೋಟೆಲಿನ ಮಾಳಿಗೆಯಲ್ಲಿ ನಾವೆಲ್ಲ ಯೋಧರು, ಮಾಂತ್ರಿಕರು, ಕಳ್ಳರಾಗಿ ಕಥೆಯಾಟ ಆಡುತ್ತೇವೆ. ಕಥೆ ಕಟ್ಟಿ ನಡೆಸುವವರು ಅವರೇ; ಯಾರು ಗೆದ್ದರು, ಯಾರು ಸತ್ತರು ಎಂಬುದನ್ನು ಉರುಳಿಸಿದ ದಾಳ ತೀರ್ಮಾನಿಸುತ್ತದೆ. ರಾಕ್ಷಸನ ಜಾಗಕ್ಕೆ ಉಪ್ಪಿನ ಡಬ್ಬಿ ಇಡುತ್ತಾರೆ, ಕೋಟೆಗೆ ಇಡ್ಲಿ ತಟ್ಟೆ. ನಮ್ಮ ಜೊತೆ ಆಡುವ ಅನೂಪ್ ಒಮ್ಮೆ ಕಂಪೆನಿಯ ನಕ್ಷೆ ತಂದಾಗ, "ಹ್ವಾಯ್, ಮುದ್ರೆ ಒತ್ತಿರೆ ಕತೆ ಚಂದ ಆತ್ತಾ? ದರೋಡೆ ಮಾರಾಯ!" ಎಂದು ಮೇಜು ಗುದ್ದಿದರು. ಕಣ್ಣು ಕಾಣದ ಮೋಕ್ಷಿತಾ ಮುಟ್ಟಿ ಓದಬಹುದಾದ ಉಬ್ಬುಚುಕ್ಕೆಯ ಕಂಪೆನಿ ದಾಳ ತರಿಸುತ್ತೇನೆಂದಾಗಲಂತೂ ಕೆರಳಿಯೇಬಿಟ್ಟರು. "ಎಂತಕ್ಕೆ? ನಿಂಗೆ ಬಿದ್ದದ್ದನ್ನ ನಾನ್ ಓದಿ ಹೇಳ್ತಿಲ್ಯಾ?" ಅವಳು ತರಿಸಿಯೇ ತರಿಸಿದಳು. ಕಳೆದ ವಾರ ರಾಕ್ಷಸನೆದುರು ಅವಳ ಯೋಧೆ ಬದುಕುಳಿಯಲು ಆ ಇಪ್ಪತ್ತು ಮುಖದ ದಾಳದಲ್ಲಿ ಹನ್ನೆರಡಾದರೂ ಬೀಳಬೇಕಿತ್ತು. ಉರುಳಿಸಿ, ಬೆರಳಾಡಿಸಿ, "ಎರಡು" ಎಂದಳು. ಗುಣಪಾಲಣ್ಣ ಉಪ್ಪಿನ ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಇಷ್ಟ್ ದಿನ ನಂಗೆ ಎರಡ್ ಬಿದ್ದದ್ದೇ ಇಲ್ಲೆ, ಅಲ್ದಾ ಅಣ್ಣ?" ಮೋಕ್ಷಿತಾ ಸಿಟ್ಟಿನಿಂದ ದಾಳವನ್ನು ಅವರತ್ತ ತಳ್ಳಿದಳು. "ಪಾಪ ಅಂದ್ಕಂಡ್ ಸುಳ್ಳ್ ಓದಿ ಗೆಲ್ಸಿದ್ರಿ. ಈಗ ನಿಮ್ಮ ಬಾಯಲ್ಲೇ ಹೇಳಿ ಕಾಂಬ, ನಾನ್ ಸತ್ತೆ ಅಂದ್."