ಎದ್ದಿದ್ದಾನೆ ಅಂದವರಿಗೆ ಕೊಡುವ ಉತ್ತರ

ಆ ಈಸ್ಟರ್ ಬೆಳಗ್ಗೆ ಏನೇನು ಕೆಡಬಹುದು ಎಂದು ನಾನು ಒಂದು ವಾರದಿಂದ ಯೋಚಿಸುತ್ತಿದ್ದೆ. ಅಲಾರಂ ಹೊಡೆಯದೆ ಇರಬಹುದು. ಹೊಡೆದರೂ ಅದರ ತಲೆ ತಟ್ಟಿ ನಾನು ಮತ್ತೆ ಮಲಗಿಬಿಡಬಹುದು. ಸೈಕಲ್ಲಿನ ಹಿಂದಿನ ಚಕ್ರದ ಗಾಳಿ ಇಳಿದಿರಬಹುದು. ಬಿನ್ನಿಪೇಟೆಯ ನಾಯಿಗಳು ನನ್ನ ಒಳ್ಳೆಯ ಪ್ಯಾಂಟಿನ ಮೇಲೆ ಕಣ್ಣು ಹಾಕಬಹುದು. ಮೋಡ ಕವಿದು, ಸೂರ್ಯೋದಯದ ಆರಾಧನೆ ಸೂರ್ಯನೇ ಇಲ್ಲದೆ ಮುಗಿದುಹೋಗಬಹುದು. ಪೆಟ್ರೊಮ್ಯಾಕ್ಸ್ ದೀಪ ಆರಬಹುದು. ನಮ್ಮ ಚರ್ಚಿನ ಸಭೆಯ ದಪ್ಪ ಗಂಟಲಿನ ಹಿರಿಯರು ಹೋದ ವರ್ಷದಂತೆ ಮೊದಲ ಹಾಡನ್ನೇ ಮುಗಿಲಿನಷ್ಟು ಎತ್ತರದಲ್ಲಿ ಶುರುಮಾಡಿ, ಎರಡನೆಯ ಸಾಲಿಗೆ ಎಲ್ಲರೂ ಕೆಮ್ಮುವಂತೆ ಮಾಡಬಹುದು. ಶನಿವಾರ ಅಮ್ಮನ ಸಮಾಧಿಗೆ ಹೊಡೆದ ಸುಣ್ಣ ಮಳೆಗೆ ತೊಳೆದುಹೋಗಬಹುದು. ಅಕ್ಕ ಬರದೆ ಇರಬಹುದು. ಅಕ್ಕ ಬರಬಹುದು.

ಈ ಕೊನೆಯದಕ್ಕೇ ನನಗೆ ಹೆಚ್ಚು ಹೆದರಿಕೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ರಾಜಾಜಿನಗರದಲ್ಲಿ ಒಂದು ಬಾಡಿಗೆ ಪೋರ್ಷನ್ನಿನಲ್ಲಿದ್ದೆ. ಅಲ್ಲಿನದೇ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ನನ್ನ ಒಬ್ಬಳೇ ಅಕ್ಕ ಮದುವೆಯಾಗಿ ಕೆಂಗೇರಿಯಲ್ಲಿದ್ದಳು. ಅವಳಿಗೂ ನನಗೂ ಮಾತು ನಿಂತು ಮೂರು ವರ್ಷವಾಗಿತ್ತು. ತಪ್ಪು ನನ್ನದು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ಎಷ್ಟೋ ವರ್ಷ ಬೇರೆ ಯಾರದಾದರೂ ಮಾಡಲು ಹೆಣಗಿ, ಆಗದೆ ಹೇಳುತ್ತಿದ್ದೇನೆ.

ಅಮ್ಮ ನನ್ನ ಜೊತೆಯಲ್ಲಿದ್ದಳು. ಎದೆಯ ಕಾಯಿಲೆ. ಆ ಒಂದು ವರ್ಷದಲ್ಲಿ ಮೂರು ಸಲ ಅವಳು ಹೋಗಿಯೇಬಿಟ್ಟಳು ಎಂದು ನಾನು ಕೆಂಗೇರಿಗೆ ಹೇಳಿ ಕಳಿಸಿದ್ದೆ. ಮೂರು ಸಲವೂ ಅಕ್ಕ ಒಲೆಯ ಮೇಲಿನ ಅನ್ನ ಇಳಿಸಿ, ಎರಡು ಮಕ್ಕಳನ್ನು ಎಳೆದುಕೊಂಡು, ಎರಡು ಬಸ್ಸು ಬದಲಾಯಿಸಿ ಅಳುತ್ತಾ ಬಂದಳು. ಅವಳು ಬರುವಷ್ಟರಲ್ಲಿ ಅಮ್ಮ ಎದ್ದು ಕೂತು ಕಾಫಿ ಕೇಳುತ್ತಿದ್ದಳು. ಮೂರನೆಯ ಸಲ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. “ಲೋ, ಇನ್ನೊಂದು ಸಲ ಹಿಂಗೆ ಹೆದರಿಸಿದ್ರೆ ಅಮ್ಮಂಗಿಂತ ಮೊದ್ಲು ನಾನೇ ಹೋಗ್ತೀನಿ ಕಣೋ.”

ಅದು ತಮಾಷೆ. ನನ್ನಂಥವನಿಗೆ ಮಾತ್ರ ತಮಾಷೆ ಕಿವಿಯಿಂದ ಒಳಗೆ ಹೋಗಿ ಎಚ್ಚರಿಕೆಯಾಗಿ ಕೂತುಬಿಡುತ್ತದೆ. ನಾಲ್ಕನೆಯ ಸಲ, ಒಂದು ಬೆಳಗ್ಗೆ, ಡಾಕ್ಟರು “ಹತ್ತಿರದವರಿಗೆ ತಿಳಿಸಿಬಿಡಿ” ಎಂದಾಗ ನಾನು ಸಂಜೆಯವರೆಗೆ ನೋಡೋಣ ಎಂದುಕೊಂಡೆ. ಜೀವನದಲ್ಲಿ ನಾನು ಕೈಬಿಟ್ಟ ಒಂದೇ ಒಂದು ಗಾಬರಿ ಅದು. ಮಧ್ಯಾಹ್ನ ಮೂರಕ್ಕೆ ಅಮ್ಮ ತೀರಿಕೊಂಡಳು. ಹೋಗುವ ಮುಂಚೆ “ಅವಳು ಹೊರಟಳಾ?” ಎಂದು ಎರಡು ಸಲ ಕೇಳಿದಳು. ಎರಡು ಸಲವೂ ನಾನು “ಹೊರಟಿದಾಳೆ” ಎಂದೆ.

ಅಕ್ಕ ಬಂದು ಅಮ್ಮನ ಮುಖ ನೋಡಿ, ನನ್ನನ್ನು ನೋಡಿ, “ಉಸಿರಿರುವಾಗ ಕರೀಲಿಲ್ಲ ನೀನು” ಎಂದಳು. ಆಮೇಲೆ ಮಾತಿಲ್ಲ. ಸಭೆಯವರು ನನ್ನ ಬೆನ್ನು ಸವರಿ ದೇವರ ಚಿತ್ತ ಎಂದರು. ಹೇಳಿ ಕಳಿಸದಿದ್ದದ್ದು ನಾನು, ಹೊತ್ತುಕೊಂಡಿದ್ದು ದೇವರು. ನಾನೂ ತೆಪ್ಪಗೆ ಹೊರಿಸಿದೆ.

ಸತ್ತವರು ಏಳುತ್ತಾರೆಂದು ನಾನು ನಂಬುತ್ತಿದ್ದೆ. ಪ್ರತಿ ಭಾನುವಾರ ಎದ್ದು ನಿಂತು ಎಲ್ಲರ ಜೊತೆ ಗಟ್ಟಿಯಾಗಿ ಹೇಳುತ್ತಲೂ ಇದ್ದೆ. ಆದರೆ ನನ್ನ ನಂಬಿಕೆ ಭಾನುವಾರದ ಪ್ಯಾಂಟಿನ ಹಾಗೆ. ಇಸ್ತ್ರಿ ಕೆಟ್ಟೀತೆಂದು ಮನೆಗೆ ಬಂದೊಡನೆ ಕಳಚಿ ಮಡಿಸಿಡುತ್ತಿದ್ದೆ. ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಇದನ್ನು ಕಂಡುಹಿಡಿದಿದ್ದರು. ಆ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ, ಪ್ರಾರ್ಥನಾಕೂಟ ನನ್ನ ಮನೆಯಲ್ಲಿ ನಡೆದಾಗ, ಎಲ್ಲರೂ ಹೋದ ಮೇಲೆ ಅವರು ಚಪ್ಪಲಿ ಹುಡುಕುತ್ತಾ ಕೇಳಿದರು.

“ಪುನರುತ್ಥಾನ ಆಯ್ತು ಅಂತ ನಂಬ್ತೀರೇನ್ರೀ?”

“ನಂಬ್ತೀನಿ ಅಯ್ಯನವರೇ.”

“ಹಾಗಾದ್ರೆ ಕೆಂಗೇರಿ ಬಸ್ಸು ಹತ್ತಿ.”

“ಅವಳು ಬಾಗಿಲು ತೆಗೀದೆ ಇದ್ರೆ?”

“ಸಮಾಧಿ ಬಾಗಿಲು ತೆರೆದದ್ದು ನಂಬ್ತೀರಿ, ನಿಮ್ಮಕ್ಕನ ಮನೆ ಬಾಗಿಲು ತೆರೆಯೋದು ನಂಬಲ್ಲ. ಅದಕ್ಕೆ ಒಂದು ಅಗುಳಿ ತಾನೇ ಇರೋದು?”

ನಾನು ನಕ್ಕೆ. ಬಸ್ಸು ಹತ್ತಲಿಲ್ಲ. ಅವಳು ಮನೆಯಲ್ಲಿ ಇಲ್ಲದಿದ್ದರೆ, ಇದ್ದು ಭಾವನೂ ಇದ್ದರೆ, ಭಾವ ಇಲ್ಲದೆ ಅವರಮ್ಮ ಇದ್ದರೆ ಎಂದು ಯೋಚಿಸುವುದರಲ್ಲಿ ನಲವತ್ತು ದಿನವೂ ಕಳೆಯಿತು. ಬದಲಿಗೆ ಹೆದರುಪುಕ್ಕಲರಿಗೆಂದೇ ಮಾಡಿದಂತಿರುವ ಒಂದು ಪದ್ಧತಿಯನ್ನು ನೆಚ್ಚಿಕೊಂಡೆ. ನಮ್ಮಲ್ಲಿ ಈಸ್ಟರಿನ ಮೊದಲ ಆರಾಧನೆ ನಸುಕಿನಲ್ಲಿ ಸಮಾಧಿ ತೋಟದಲ್ಲೇ ನಡೆಯುತ್ತದೆ. ಮುಗಿದ ಮೇಲೆ ಅವರವರ ಮನೆಯವರ ಸಮಾಧಿಯ ಹತ್ತಿರ ಹೋಗಿ, ಮೇಣದ ಬತ್ತಿ ಹಚ್ಚಿ, ಒಬ್ಬರ ಕೈ ಒಬ್ಬರು ಹಿಡಿದು ವಂದಿಸುತ್ತಾರೆ. ಒಬ್ಬರು “ಕ್ರಿಸ್ತನು ಎದ್ದಿದ್ದಾನೆ” ಅನ್ನಬೇಕು. ಇನ್ನೊಬ್ಬರು “ಹೌದು, ನಿಜವಾಗಿಯೂ ಎದ್ದಿದ್ದಾನೆ” ಅನ್ನಬೇಕು. ಎಷ್ಟು ವರ್ಷ ಮಾತು ಬಿಟ್ಟವರೂ ಇದೊಂದನ್ನು ಅಂದರೆ ಮಾತಾಡಿದಂತೆಯೇ ಲೆಕ್ಕ. ಆಮೇಲೆ “ತಿಂಡಿಗೆ ಬಾ” ಅನ್ನುವುದು ಸುಲಭ. ಹಿಂದಿನ ಎರಡು ಈಸ್ಟರಿನಲ್ಲೂ ಅಕ್ಕ ಬಂದು ಸಮಾಧಿಯ ಆ ಬದಿಯಲ್ಲಿ ನಿಂತು, ಎಲ್ಲರ ಕೈ ಹಿಡಿದು, ನನ್ನದನ್ನು ಬಿಟ್ಟು ಹೋಗಿದ್ದಳು. ಈ ಸಲ ಅವಳು ತಿರುಗುವ ಮೊದಲೇ ನಾನೇ ಕೈ ಹಿಡಿದು ಮೊದಲ ಮಾತು ಹೇಳಿಬಿಡುವುದೆಂದು ತೀರ್ಮಾನಿಸಿದೆ.

ಶನಿವಾರ ಸಮಾಧಿಗೆ ಸುಣ್ಣ ಹೊಡೆದು ಮನೆಗೆ ಬಂದಾಗ ಮನೆ ಓನರಮ್ಮ ಹಿತ್ತಲ ನಲ್ಲಿಯ ಕಡೆ ಕೈ ತೋರಿಸಿದರು. “ಸ್ನಾನ ಮಾಡ್ಕೊಂಡೇ ಒಳಗೆ ಬನ್ನಿ ಸಾರ್. ನಾಳೆನೂ ಹೋಗ್ತೀರಂತೆ? ಹಬ್ಬದ ದಿನ ಬೆಳಗ್ಗೆ ಎದ್ದು ಯಾರಾದ್ರೂ ಸ್ಮಶಾನಕ್ಕೆ ಹೋಗ್ತಾರಾ?”

“ನಮ್ಮ ಹಬ್ಬ ಶುರುವಾಗಿದ್ದೇ ಅಲ್ಲಿ, ಆಂಟಿ.”

“ಅಲ್ಲಿ ಯಾರಿದ್ರು ಮಾಡೋಕೆ?”

“ಯಾರೂ ಇರಲಿಲ್ಲ. ಅದೇ ವಿಶೇಷ.”

ಅವರು ಬಕೆಟ್ಟು ತಂದಿಟ್ಟರು. ನಾನು ಅಂದಿದ್ದು ನನಗೇ ಚೆನ್ನಾಗಿ ಕೇಳಿಸಿತು. ಇಂಥ ಮಾತು ಹಿತ್ತಲಲ್ಲಿ ಮನೆ ಓನರಮ್ಮನಿಗೆ ಹೇಳುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಬೆಳಗ್ಗೆ ಅಲಾರಂ ಹೊಡೆಯಿತು. ಸೈಕಲ್ಲು ಮುಲುಗದೆ ಮೈಸೂರು ರಸ್ತೆಯ ಸಮಾಧಿ ತೋಟ ಮುಟ್ಟಿಸಿತು. ಹಿರಿಯರು, ಗಂಟಲು ಕಟ್ಟಿದ್ದರಿಂದಲೋ ಏನೋ, ಹಾಡನ್ನು ಮನುಷ್ಯರು ಹಾಡಬಹುದಾದ ಸ್ವರದಲ್ಲಿ ಎತ್ತಿಕೊಂಡರು. ಅಯ್ಯನವರು ಚಿಕ್ಕ ಪ್ರಸಂಗ ಮಾಡಿದರು. ಎದ್ದವನನ್ನು ಸಮಾಧಿಯ ಹತ್ತಿರ ಹುಡುಕಬೇಡಿ, ನಾಳೆ ನೀವು ಯಾರ ಮುಖ ತಪ್ಪಿಸಿ ಹೋಗುತ್ತೀರೋ ಅಲ್ಲಿ ಹುಡುಕಿ ಎಂದರು. ಯಾರ ಕಡೆ ನೋಡಿ ಹೇಳಿದರೆಂದು ನಾನು ನೋಡಲಿಲ್ಲ; ಹುಲ್ಲು ನೋಡುತ್ತಿದ್ದೆ. ಸೂರ್ಯ ಹುಟ್ಟಿದ. ಅಕ್ಕ ಬಂದಿದ್ದಳು. ಹಿಂದಿನ ದಿನವೇ ಬಿನ್ನಿಪೇಟೆಯ ನಮ್ಮ ಸೋದರತ್ತೆ ಮನೆಗೆ ಬಂದು ಉಳಿದಿದ್ದಳಂತೆ. ಕೂದಲು ನರೆತಿತ್ತು.

ಆರಾಧನೆ ಮುಗಿದ ಮೇಲೆ ನಾನು ಅಮ್ಮನ ಸಮಾಧಿಯ ಹತ್ತಿರ ಬಗ್ಗಿ ಮೇಣದ ಬತ್ತಿ ಹಚ್ಚುತ್ತಿದ್ದೆ. ಗಾಳಿಗೆ ಎರಡು ಕಡ್ಡಿ ಆರಿದವು. ಮನಸ್ಸಿನಲ್ಲಿ ನನ್ನ ಮೂರು ದಿನದ ಅಭ್ಯಾಸ: ಕ್ರಿಸ್ತನು ಎದ್ದಿದ್ದಾನೆ, ಕ್ರಿಸ್ತನು ಎದ್ದಿದ್ದಾನೆ. ದನಿ ನಡುಗಬಾರದು, ಕೈ ಒದ್ದೆಯಿರಬಾರದು. ಮೂರನೆಯ ಕಡ್ಡಿ ಗೀರಿ ಬತ್ತಿ ಹತ್ತಿ, ಎದ್ದು ತಿರುಗುತ್ತೇನೆ, ಅಕ್ಕ ಸಮಾಧಿಯ ಆ ಬದಿಯಲ್ಲಿಲ್ಲ. ಈ ಬದಿಗೆ ಬಂದಿದ್ದಾಳೆ. ನನ್ನ ಎದುರಿಗೇ ನಿಂತಿದ್ದಾಳೆ. ಅವಳೇ ನನ್ನ ಕೈ ಹಿಡಿದಳು. ಪಾತ್ರೆ ತಿಕ್ಕಿ ಒರಟಾದ ಕೈ, ಬೆಚ್ಚಗಿತ್ತು.

“ಕ್ರಿಸ್ತನು ಎದ್ದಿದ್ದಾನೆ ಕಣೋ,” ಎಂದಳು.

ಅವಳ ದನಿಯೇ ನಡುಗಿತು. ನನ್ನ ಮಾತನ್ನು ಅವಳು ಹೇಳಿಬಿಟ್ಟಿದ್ದಳು. ನಾನು ಏನೇನೆಲ್ಲ ಎಣಿಸಿದ್ದೆನೋ ಅದರಲ್ಲಿ ಇದೊಂದು ಇರಲಿಲ್ಲ. ಉತ್ತರ ನನಗೆ ಗೊತ್ತು. ನಾಲಿಗೆ ತಿರುಗಿದ ದಿನದಿಂದ ಗೊತ್ತು. ಬಾಯಿ ತೆರೆದೆ. ಆಫೀಸಿನಲ್ಲಿ ಯಾರಾದರೂ ಬಂದು ಇಂಥವರಿಗೆ ಟ್ರಾನ್ಸ್‌ಫರ್ ಆಯ್ತಂತೆ ಅಂದಾಗ ಬರುವ ದನಿಯಲ್ಲಿ ನನ್ನ ಬಾಯಿಂದ ಬಂದದ್ದು,

“ಹೌದಾ?”

ಅಕ್ಕ ನನ್ನ ಮುಖವನ್ನೇ ನೋಡಿದಳು. ತಮಾಷೆಗೆ ಅಂದಿರಬಹುದೇ ಎಂದು ಹುಡುಕಿದಳು ಅನ್ನಿಸುತ್ತದೆ. ನಾನು ನಕ್ಕಿದ್ದರೂ ಸಾಕಿತ್ತು, ಅವಳೂ ನಗುತ್ತಿದ್ದಳೇನೋ. ನಾನು ನಗಲಿಲ್ಲ. ಸರಿಯಾದ ಉತ್ತರವನ್ನು ಹುಡುಕುತ್ತಾ ನಿಂತಿದ್ದೆ.

“ಏನೋಪ್ಪ,” ಎಂದಳು ಅಕ್ಕ, ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತಾ. “ಹಂಗಂತಾರೆ.”