ಗೋಡೆಯ ಬೆಲ್ಲ

ಹಳೆಯ ಗೋಡೆ ಕಂಡರೆ ಮೌಲಾಸಾಬರು ಮೊದಲು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಉಗುರಿನಿಂದ ಕಲ್ಲಿನ ಸಂದಿಯ ಗಚ್ಚು ಕೆರೆದು ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ, ತೀರ್ಪು ಕೊಡುತ್ತಿದ್ದರು.

"ಬೆಲ್ಲ ಅದ, ಅಳಲೆಕಾಯಿ ಅದ. ನಿಮ್ಮ ಮುತ್ಯಾನ ಮುತ್ಯಾನ ಕಾಲದ್ದು. ಬರ್ಕೊಳ್ರಿ ಮಾಸ್ತರ."

ನಾನು ಬರೆದುಕೊಳ್ಳುತ್ತಿದ್ದೆ. ಮಾನ್ವಿಯಲ್ಲಿ ಅವರು ಐವತ್ತು ವರ್ಷ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದವರು; ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ನಿವೃತ್ತರಲ್ಲಿ ಕೆಲವರಿಗೆ ವಾಕಿಂಗ್ ಚಟ, ಕೆಲವರಿಗೆ ಮೊಬೈಲ್ ಚಟ. ನನಗೆ ಹಾಳುಮನೆಗಳ ಚಟ. ಮಂದಿ ಬಿಟ್ಟುಹೋದ ಮನೆಯೊಂದು ಕಣ್ಣಿಗೆ ಬಿದ್ದರೆ ಅದರ ವಯಸ್ಸು ಗೊತ್ತಾಗುವ ತನಕ ನನಗೆ ಅನ್ನ ಇಳಿಯದು. "ಇದ್ದ ಮನಿ ಸೋರಾಕತ್ತದ, ನಿಮಗ ಬಿದ್ದ ಮನಿ ಚಿಂತಿ," ಎಂದು ನನ್ನ ಹೆಂಡತಿ ಬೈಯುತ್ತಾಳೆ. ಬೈಯಲಿ.

ಹಿಂದೆ ಸುಣ್ಣ, ಉಸುಕು ಹಾಕಿ ಗಾಣದಲ್ಲಿ ಅರೆಯುವಾಗ ಗಚ್ಚು ಗಟ್ಟಿಯಾಗಲೆಂದು ಬೆಲ್ಲದ ನೀರು ಸುರಿಯುತ್ತಿದ್ದರು. ಸಾಬರ ವಿದ್ಯೆಯೆಲ್ಲ ಆ ಬೆಲ್ಲದಲ್ಲಿತ್ತು. "ಬೆಲ್ಲ ಹೆಚ್ಚಿದ್ರ ಸುಗ್ಗಿ ಚಲೋ ಆದ ವರ್ಷ. ಕಮ್ಮಿ ಇದ್ರ ಮಗಳ ಮದಿವಿ ಮಾಡಿದ ವರ್ಷ." ಸುಣ್ಣಕ್ಕೆ ನಾಲಿಗೆ ಸುಡುವುದಿಲ್ಲವೇ ಎಂದರೆ, "ಎಲಿ ಅಡಕಿ ತಿನ್ನೋ ನಾಲಿಗಿಗೆ ಏನ್ ಆಕ್ಕದ್ರಿ?" ಎನ್ನುವರು. ಸಿಮೆಂಟಿನ ಮೇಲಂತೂ ಅವರಿಗೆ ಹಗೆ. "ಅದಕ್ಕ ರುಚಿನೇ ಇಲ್ಲ ಮಾಸ್ತರ. ಅಂಥಾ ಮನ್ಯಾಗ ಇರೋ ಮಂದಿಗೂ ರುಚಿ ಇಲ್ಲ."

ದೇವದುರ್ಗದ ಆಚೆ ಒಂದು ಹಳ್ಳಿಯ ಹೊರಗೆ ಗೌಡರ ಹಳೆಯ ವಾಡೆ ಪಾಳುಬಿದ್ದಿದೆ ಎಂದು ಯಾರೋ ಹೇಳಿದರು. ಊರು ರಸ್ತೆಬದಿಗೆ ಸರಿದ ಮೇಲೆ ಆ ದೊಡ್ಡ ಮನೆಯನ್ನು ಕೇಳುವವರೇ ಇರಲಿಲ್ಲ. ನಾವಿಬ್ಬರೂ ಸಿರವಾರದ ಮೇಲೆ ಬಸ್ಸಿನಲ್ಲಿ ಹೋದೆವು. ಹಿಂದೆ ಮುಂದೆ ತಿಳಿಯದಷ್ಟು ಬಳ್ಳಾರಿ ಜಾಲಿ ಬೆಳೆದಿತ್ತು. ಮುಳ್ಳಿಗೆ ಸಾಬರ ಲುಂಗಿ ಹರಿಯಿತು. ನಾನು ಪಡಸಾಲೆಯಲ್ಲಿ ಕಾಲಿಟ್ಟವನು ಜೋಳ ತುಂಬುವ ಹಗೇವಿನೊಳಗೆ ಸೊಂಟದ ತನಕ ಇಳಿದುಬಿಟ್ಟೆ.

"ಸಾಬ್ರ, ಕೈ ಕೊಡ್ರಿ!"

"ತಡೀರಿ ಮಾಸ್ತರ. ಹೆಂಗೂ ಇಳದೀರಿ, ಆಳ ಎಷ್ಟದ ಬರ್ಕೊಂಡ ಮ್ಯಾಲ ಬರ್ರಿ."

ಮುಂದಿನ ಗೋಡೆ ನೆಕ್ಕಿ, ನಿಜಾಮರ ಕಾಲದ್ದು ಎಂದರು. ಹಿಂದಿನ ಗೋಡೆ ನೆಕ್ಕಿದವರು ಥಟ್ಟನೆ ಕಣ್ಣು ತೆರೆದರು. ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದರು, ಪಕ್ಕದ ಬತ್ತಿದ ಬಾವಿಯನ್ನೂ ನೋಡಿದರು.

"ಬೆಲ್ಲ ಇಲ್ಲ," ಎಂದರು ಸಣ್ಣ ದನಿಯಲ್ಲಿ.

"ಅಂದ್ರ?"

"ಅಂದ್ರ... ಬಾಳ ಹಳೀದು. ನಡೀರಿ, ಬಸ್ ತಪ್ಪತದ."

ಬಸ್ಸಿಗೆ ಇನ್ನೂ ಎರಡು ತಾಸಿತ್ತು. ನನಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ, ನನ್ನ ತಲೆಯೊಳಗೆ ಆಗಲೇ ಲೇಖನ ಓಡಲು ಶುರುವಾಗಿತ್ತು. ಅಷ್ಟು ಸ್ಥಿತಿವಂತ ಗೌಡ ತನ್ನ ಗೋಡೆಗೆ ಬೆಲ್ಲ ಹಾಕಲಿಲ್ಲವೆಂದರೆ ಏನರ್ಥ? ಬರಗಾಲ! ಗೋಡೆಗೆಂದು ಇಟ್ಟ ಬೆಲ್ಲವನ್ನು ಆ ಪುಣ್ಯಾತ್ಮ ಹಸಿದವರಿಗೆ ಹಂಚಿದ್ದಾನೆ! ಮೂರು ದಿನ ಕೂತು ಎಂಟು ಪುಟ ಬರೆದೆ. ರಾಯಚೂರಿನಲ್ಲಿ ಇತಿಹಾಸಪ್ರಿಯರು ಸೇರುವ ಒಂದು ಸಭೆಯವರು ಅದನ್ನು ಓದಲು ಕರೆದರು. ಜೀವಮಾನವಿಡೀ ನನ್ನ ಮಾತು ಕೇಳಿದವರು ಗಂಟೆ ಹೊಡೆಯುವ ತನಕ ಎದ್ದುಹೋಗಲಾಗದ ಹುಡುಗರು ಮಾತ್ರ. ತಾವಾಗಿಯೇ ಬಂದು ಕೂತು ಕೇಳುವವರು ಸಿಕ್ಕಿದ್ದು ಅದೇ ಮೊದಲು. ಹೊಸ ಅಂಗಿ ಹೊಲಿಸಿದೆ. ಸಾಬರನ್ನೂ ಅವರ ಹೆಂಡತಿ ಖೈರೂನ್‌ಬಿಯನ್ನೂ ಕರೆದುಕೊಂಡು ಹೋದೆ.

"ಆ ಗೌಡ ತನ್ನ ಗೋಡೆಯ ಬೆಲ್ಲವನ್ನು ಹಸಿದ ಮಕ್ಕಳ ಅಂಗೈಗಿಟ್ಟ," ಎಂದು ಓದಿದಾಗ ಚಪ್ಪಾಳೆ ಬಿತ್ತು. ಒಬ್ಬ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಮೌಲಾಸಾಬರು ಎದ್ದರು.

"ಮಾಸ್ತರ, ನಿಂದರ್ರಿ. ಆ ಗ್ವಾಡಿ ನಾ ಕಟ್ಟೀನಿ."

ನನ್ನ ಹೊಸ ಅಂಗಿ ಬೆವರಿಗೆ ಒದ್ದೆಯಾಯಿತು.

"ನಂದು ನಿಕಾ ಆಗಿ ವರ್ಷ ಆಗಿತ್ತು. ಮಳಿಗೆ ಹಿಂದಿನ ಗ್ವಾಡಿ ಬಿದ್ದಿತ್ತು. ಗಾಣಕ್ಕ ಹಾಕಾಕ ಗೌಡ್ರು ಎರಡು ಪೆಂಟಿ ಬೆಲ್ಲ ಕೊಟ್ಟಿದ್ರು. ಈಕಿ ಬಸರಿ. ಬೆಲ್ಲ ಬೇಕು, ಬೆಲ್ಲ ಬೇಕು ಅಂತಿದ್ಲು. ಎರಡೂ ಮನಿಗೆ ಒಯ್ದೆ. ಬರಾನೂ ಬಂದಿಲ್ಲ, ಗೌಡ್ರು ಹಂಚೂ ಇಲ್ಲ."

ಹೆಂಗಸರ ಸಾಲಿನಿಂದ ಖೈರೂನ್‌ಬಿ ಕೂಗಿದರು: "ದುಕಾನ್ ಸೇ ಲಾಯಾ ಬೋಲೇ ಥೇ ನಾ!" ಅಂಗಡಿಯಿಂದ ತಂದದ್ದೆಂದು ಪಾಪ, ಐವತ್ತು ವರ್ಷ ನಂಬಿದ್ದರು. ಆಮೇಲೆ ಸಭೆಯ ಕಡೆ ತಿರುಗಿ, "ಆದ್ರ ಖರೇ ಹೇಳ್ತೀನ್ರಿ, ಅಂಥಾ ಬೆಲ್ಲ ಮತ್ತ ಎಂದೂ ತಿಂದಿಲ್ಲ," ಎಂದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಾನೊಬ್ಬ ನಗಲಿಲ್ಲ.

ಬಸ್ಸಿನಲ್ಲಿ ಅರ್ಧ ದಾರಿ ಅವರ ಮುಖ ನೋಡಲಿಲ್ಲ. ಕೊನೆಗೆ ತಡೆಯಲಾರದೆ, "ನೆಕ್ಕಿದ ದಿನಾನೇ ಹೇಳಾಕ ಏನಾಗಿತ್ರಿ?" ಎಂದು ಹರಿಹಾಯ್ದೆ.

"ಜಾಲ್ಯಾಗ ವಾಡೆದ ಗುರ್ತು ಹತ್ತಿರಲಿಲ್ಲ, ನೆಕ್ಕಿದ ಮ್ಯಾಲೇ ಹತ್ತಿತು. ಆಗ ನೀವು ಪೆನ್ನು ಹಿಡದು ನಿಂತಿದ್ರಿ. ಪೆನ್ನು ಹಿಡದವರ ಮುಂದ ಕಳ್ಳತನ ಹೆಂಗ ಹೇಳ್ಲಿ?"

"ಮತ್ತ ಅಷ್ಟು ಮಂದಿ ಮುಂದ ಹೇಳಿದ್ರಲ್ಲ!"

"ನಾ ಮಾಡಿದ ಕಳ್ಳತನ ಗೌಡ್ರ ಪುಣ್ಯ ಆಗಾಕತ್ತಿತ್ತು ಮಾಸ್ತರ. ಅದು ತಡಕೊಳ್ಳಾಕ ಆಗ್ಲಿಲ್ಲ."

ಹದಿನೈದು ದಿನಕ್ಕೆ ಅವರು ಸುಣ್ಣ, ಉಸುಕಿನ ಚೀಲ, ಕರಣಿ ಹಿಡಿದು ನನ್ನ ಬಾಗಿಲಿಗೆ ಬಂದರು. "ಆ ಗ್ವಾಡಿಗೆ ಬೆಲ್ಲ ಮುಟ್ಟಸಬೇಕು. ಬರ್ರಿ." ಯಾರೂ ಇಲ್ಲದ ಮನೆಗೆ ಯಾಕೆ ಎಂದೆ. "ಗ್ವಾಡಿ ಅದ ಅಲ್ಲ?" ಎಂದರು. ಸಿರವಾರದಲ್ಲಿ ಇಳಿದು, ನಾಲ್ಕು ಅಂಗಡಿ ಮೂಸಿ ನೋಡಿ, ಒಂದು ಪೆಂಟಿ ಬೆಲ್ಲ ತಗೊಂಡರು. ವಾಡೆ ಮುಟ್ಟಿದ ಮೇಲೆ ತಂದ ನೀರು ಸಾಲದೆಂದು ನನ್ನನ್ನು ಕಾಲುವೆಗೆ ಕಳಿಸಿದರು. ನಾನು ಕೊಡ ಹೊತ್ತು ಬರುವಷ್ಟರಲ್ಲಿ ಗಚ್ಚು ಕಲಸಿ ಮುಗಿಸಿದ್ದರು. ಹಿಂದಿನ ಗೋಡೆಯಲ್ಲಿ ಬಾಯಿಬಿಟ್ಟಿದ್ದ ಒಂದು ಮೊಳದಷ್ಟು ಜಾಗ ಮೆತ್ತಿ, ಮಗುವಿನ ಬೆನ್ನು ಸವರಿದಂತೆ ಸವರಿದರು.

"ಈಗ ಯಾರು ನೆಕ್ಕಿದ್ರೂ ಹೆದರಿಕಿ ಇಲ್ಲ," ಎಂದರು.

ಮುಂದಿನ ಮಳೆಗಾಲಕ್ಕೆ ಸಾಬರು ಇರಲಿಲ್ಲ. ನನಗೆ ಬಹಳ ಸಂಕಟವಾಯಿತು. ಹಾಳುಮನೆ ಕಂಡರೆ ಮುಖ ತಿರುಗಿಸಿ ನಡೆಯುತ್ತಿದ್ದೆ. ಅದರ ವಯಸ್ಸು ಹೇಳಲು ಯಾರಿದ್ದಾರೆ? ಹೋದ ತಿಂಗಳು ಮನಸ್ಸು ತಡೆಯದೆ ಒಬ್ಬನೇ ಆ ವಾಡೆಗೆ ಹೋದೆ. ಸಾಬರು ಮೆತ್ತಿದ ಜಾಗವನ್ನು ಉಗುರಿನಿಂದ ಕೆರೆದು, ಜೀವನದಲ್ಲಿ ಮೊದಲ ಸಲ ಗೋಡೆಯ ರುಚಿ ನೋಡಿದೆ. ನಾಲಿಗೆ ಚುರ್ ಎಂದಿತು. ಬರೀ ಸುಣ್ಣ. ಸಿಹಿಯ ಸುಳಿವಿಲ್ಲ.

ಮಾನ್ವಿಗೆ ಬಂದವನೇ ಖೈರೂನ್‌ಬಿಯ ಮನೆಗೆ ಹೋದೆ. "ಚಾಚಿ, ಸಾಬ್ರು ನನ್ನ ಕರ್ಕೊಂಡು ಗ್ವಾಡಿ ಮೆತ್ತಾಕ ಹೋಗಿದ್ರಲ್ಲ, ಅವತ್ತು ಮನಿಗೇನರ ತಂದಿದ್ರೇನು?"

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. ಕಣ್ಣು ತುಂಬಿದ್ದವು.

"ಒಂದು ಪೆಂಟಿ ಬೆಲ್ಲ ತಂದಿದ್ರು. ನನಗ ಸಕ್ಕರಿ ಬ್ಯಾನಿ, ಡಾಕ್ಟರ್ ಬ್ಯಾಡಂದಾರ ಅಂದೆ. ಇದು ಅಂಗಡೀದಲ್ಲ, ಗೌಡ್ರ ಗ್ವಾಡೀದು, ತಿನ್ನು ಅಂದ್ರು."

"ತಿಂದ್ರೇನು?"

"ಬಿಡ್ತೀನೇನ್ರಿ?"

ಮನೆಗೆ ಬಂದು ನೋಟುಬುಕ್ಕಿನಲ್ಲಿ ವಾಡೆಯ ಪುಟ ತೆಗೆದೆ. ಬರಗಾಲದ ಎಂಟು ಪುಟವನ್ನು ಹೊಡೆದುಹಾಕಿ ಕೆಳಗೆ ಬರೆದೆ: "ಹಿಂದಿನ ಗೋಡೆ. ಎರಡು ಸಲ ಕಟ್ಟಿದ್ದು. ಎರಡೂ ಸಲ ಬೆಲ್ಲವಿಲ್ಲ. ಕಾರಣ: ಖೈರೂನ್‌ಬಿ."