ಹರಿದ ಕಿವಿಯ ಹುಡುಗಿ

ವಸ್ತುಸಂಗ್ರಹಾಲಯದಲ್ಲಿ ನಾನು ಟಿಕೆಟ್ ಕೊಡುವವನು, ಅವನು ಗೈಡ್. ನಾವೆಲ್ಲ ಅವನನ್ನು ಗಿಳಿ ಎನ್ನುತ್ತಿದ್ದೆವು. ಫಲಕದಲ್ಲಿ ಇದ್ದದ್ದನ್ನು ಇದ್ದಂತೆ ಬಾಯಿಪಾಠ ಒಪ್ಪಿಸಬೇಕು, ಸ್ವಂತದ್ದು ಸೇರಿಸಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ನಮ್ಮನ್ನು ಆಳಿ ಹೋದ ಪರದೇಶದವರು ಬರೆಸಿದ ಫಲಕಗಳವು. ಅವರು ಹಡಗು ಹತ್ತಿ ಯಾವ ಕಾಲವಾಯಿತೋ! ಸುಣ್ಣ ಬಳಿದಾಗೆಲ್ಲ ನಾವು ಅವನ್ನು ಒರೆಸಿ ಮತ್ತೆ ಅಲ್ಲೇ ನೇತುಹಾಕುತ್ತಿದ್ದೆವು, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಮಗನ ಕೆಲಸ ನೋಡಬೇಕೆಂದು ಒಮ್ಮೆ ಗಿಳಿಯ ತಾಯಿ ಬಂದಳು. ನಾನೇ ಒಳಗೆ ಕರೆದೊಯ್ದೆ. ಹಳೆಯ ಫೋಟೋಗಳ ಕೋಣೆಯಲ್ಲಿ ಅವನು ಜನರಿಗೆ ಒಪ್ಪಿಸುತ್ತಿದ್ದ: “ಕಳ್ಳತನವೇ ಕಸುಬಾದ ಅಲೆಮಾರಿ ಕುಲದ ಹುಡುಗಿ. ಹರಿದ ಕಿವಿಯು ಕದ್ದು ಸಿಕ್ಕಿಬಿದ್ದವರಿಗೆ ಆ ಕುಲ ಹಾಕುವ ಗುರುತು.”

ತಾಯಿ ಗಾಜಿಗೆ ಮುಖ ಹಚ್ಚಿದಳು.

“ಅಯ್ಯೋ, ನಮ್ಮಕ್ಕ ಕಣೋ ಇದು! ನಿನ್ನ ದೊಡ್ಡಮ್ಮ!”

ತಾವು ಯಾವ ಜನವೆಂದು ಅವಳು ಮಗನಿಗೆ ಹೇಳಿಯೇ ಇರಲಿಲ್ಲ. ಅದು ಹೊರಗೆ ಗೊತ್ತಾಗಿದ್ದರೆ ಅವನನ್ನು ಯಾವ ಶಾಲೆಯೂ ಸೇರಿಸಿಕೊಳ್ಳುತ್ತಿರಲಿಲ್ಲ.

“ಆ ಕಿವಿ ಹರಿದಿದ್ದು ನಾನೇ. ಕೂಸಾಗಿದ್ದೆ, ಎತ್ಕೊಂಡಿದ್ಳು, ಓಲೆ ಹಿಡಿದು ಎಳೆದ್ಬಿಟ್ಟೆ. ಸಾಯೋವರೆಗೂ ಹೇಳ್ಕೊಂಡು ನಗ್ತಿದ್ಳು. ಅವಳು ಏನೂ ಕದ್ದಿಲ್ಲಪ್ಪ.”

ಪಕ್ಕದಲ್ಲಿದ್ದ ಒಬ್ಬಾಕೆ ಕೈಚೀಲವನ್ನು ಎದೆಗೆ ಅವಚಿಕೊಂಡಳು.

ಮೇಲಧಿಕಾರಿ ಬಂದರು. ಒಳ್ಳೆಯವರೇ, ಕುರ್ಚಿ ತರಿಸಿ ಕೂರಿಸಿದರು. “ಅಜ್ಜಿ, ಇದು ಓದಿದೋರು ವಿಚಾರಿಸಿ ಬರೆದದ್ದು. ನೀವು ಹೇಳೋದಕ್ಕೆ ಬರಹದಲ್ಲಿ ಏನಾದ್ರೂ ಇದೆಯಾ?”

“ನಮಗೆ ಬರೆಯೋಕೆ ಯಾರು ಕಲಿಸಿದ್ರು, ಸ್ವಾಮಿ?”

“ಹಾಗಾದ್ರೆ ಹೇಗಮ್ಮ ಬದಲಾಯಿಸೋದು?” ಎಂದರು, ಬಹಳ ಮೆತ್ತಗೆ. ಆ ಮೆತ್ತಗಿನ ದನಿಗೇ ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪು ಬಂತು. ಗಿಳಿ ಆ ಚಿತ್ರದ ಮುಂದೆ “ಇವಳೊಬ್ಬ ಹುಡುಗಿ” ಎಂದಷ್ಟೇ ಹೇಳಿ ಮುಂದಕ್ಕೆ ಹೆಜ್ಜೆಯಿಟ್ಟ. ಅವರ ಮೇಷ್ಟ್ರು ಬಿಡಬೇಕಲ್ಲ!

“ಇನ್ನೂ ಬರೆದಿದೆಯಲ್ರೀ? ಪೂರ್ತಿ ಹೇಳಿ, ಮಕ್ಕಳು ಬರ್ಕೊಳ್ಬೇಕು.”

ಮೇಲಧಿಕಾರಿ ಬಾಗಿಲಲ್ಲೇ ನಿಂತಿದ್ದರು. “ಮರೆತೆ ಸಾರ್,” ಎಂದ ಗಿಳಿ. ಕುರ್ಚಿಯ ಕಡೆ ನೋಡದೆ ಕಳ್ಳತನ, ಕಿವಿ, ಗುರುತು, ಎಲ್ಲವನ್ನೂ ಒಪ್ಪಿಸಿದ. ಮಕ್ಕಳು ತಲೆತಗ್ಗಿಸಿ ಬರೆದುಕೊಂಡರು.

ತಾಯಿ ಎದ್ದು ಹೊರಟಳು. ನನ್ನ ಕೌಂಟರ್ ಹತ್ತಿರ ಅವನು ಓಡಿಬಂದು ಅವಳ ಕೈ ಹಿಡಿದ.

“ಹೊಟ್ಟೆಪಾಡಮ್ಮ. ಏನು ಮಾಡ್ಲಿ ಹೇಳು.”

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

“ಇಷ್ಟು ದಿನ ಗೊತ್ತಿಲ್ದೆ ಹೇಳ್ತಿದ್ದೆ. ಅದರಲ್ಲಿ ನಿನ್ನ ತಪ್ಪಿಲ್ಲ, ಮಗಾ. ಇವತ್ತು ಗೊತ್ತಿದ್ದೂ ಹೇಳ್ದೆ.”